ಸಭೆ ಬಿಡುವ ಮುಂಚೆ ಕಾಗದಪತ್ರ ಕೈಗೆ ತೆಗೆದುಕೊಳ್ಳಿ: ಕೊಡಗಿನ ಕ್ರೈಸ್ತ ಕುಟುಂಬಗಳಿಗೆ

ಪಾಸ್ಟರ್ ಜೊತೆ ಮಾತಿಗೆ ಮಾತು ಬೆಳೆಯುತ್ತದೆ, ಮುಂದಿನ ಭಾನುವಾರದಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವುದು ನಿಲ್ಲುತ್ತದೆ. ಎರಡು ವರ್ಷ ಕಳೆದು ಮಗಳ ಮದುವೆಗೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಕೇಳಿದರೆ "ನೀವೀಗ ನಮ್ಮ ಸಭೆಯವರಲ್ಲ" ಎಂಬ ಉತ್ತರ. ಮನೆಯಲ್ಲಿ ಸಾವಾದರಂತೂ ಆಟಿ ಮಳೆಯಲ್ಲಿ ಹೂಳಲು ಜಾಗ ಹುಡುಕಿಕೊಂಡು ಅಲೆಯಬೇಕು. ಬಿಡಲೇಬೇಕಾದ ಸಭೆಗಳಿವೆ. ಆದರೆ ಸಿಟ್ಟಿನಲ್ಲಿ ಹೆಸರು ತೆಗೆಸಬೇಡಿ.

ಮೊದಲು ನೋಡಬೇಕಾದ್ದು, ನಿಮ್ಮ ಪಾದ್ರಿ ಅಥವಾ ಪಾಸ್ಟರನ್ನು ಪ್ರಶ್ನಿಸುವವರು ಮೇಲೆ ಯಾರಾದರೂ ಇದ್ದಾರೆಯೇ ಎಂದು. ಕೊಡಗಿನ ಲ್ಯಾಟಿನ್ ಕ್ಯಾಥೋಲಿಕ್ ಚರ್ಚುಗಳಿಗೆ ಮೈಸೂರು ಧರ್ಮಪ್ರಾಂತ್ಯದ ಬಿಷಪ್ ಇದ್ದಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಿಗೆ ಮಂಗಳೂರಿನಲ್ಲಿ ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯದ ಕಚೇರಿ ಇದೆ. ಇಂಥ ಕಡೆ ಲಿಖಿತ ದೂರಿಗೆ ಬೆಲೆಯಿದೆ. ಕ್ಯಾಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 537ನೇ ನಿಯಮದಂತೆ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಇರಲೇಬೇಕು. 1287ನೇ ನಿಯಮದ ಪ್ರಕಾರ ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು. 1267ನೇ ನಿಯಮದ ಪ್ರಕಾರ ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು. ನೆರೆ ಪರಿಹಾರಕ್ಕೆಂದು ಎತ್ತಿದ ಹಣದಲ್ಲಿ ಕಾಂಪೌಂಡ್ ಕಟ್ಟುವಂತಿಲ್ಲ. ದೂರಿನಲ್ಲಿ ಈ ನಿಯಮಗಳ ಸಂಖ್ಯೆ ಬರೆಯಿರಿ, ತಾರೀಖು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೂರು ತಿಂಗಳು ಕಾಯುವುದು ನ್ಯಾಯ.

ಮೇಲೆ ಯಾರಿಗೂ ಒಳಪಡದ ಸ್ವತಂತ್ರ ಸಭೆಗಳ ಕಥೆ ಬೇರೆ. ಬ್ಯಾಂಕ್ ಖಾತೆ ಪಾಸ್ಟರ್ ಹೆಸರಲ್ಲಿ, ಸೈಟು ಹೆಂಡತಿಯ ಹೆಸರಲ್ಲಿ, ಸಮಿತಿಯಲ್ಲಿ ಭಾವ ಮತ್ತು ತಮ್ಮ. ಹೀಗಿದ್ದರೆ ಒಳಗಿದ್ದು ಸರಿಪಡಿಸುತ್ತೇವೆ ಎಂಬ ಆಸೆ ಬಿಡಿ, ಅಲ್ಲಿ ಸರಿಪಡಿಸುವ ದಾರಿಯೇ ಇಟ್ಟಿರುವುದಿಲ್ಲ. ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ನಡೆಯುವ ಕೂಟಗಳಲ್ಲಿ ಇನ್ನೊಂದು ಪಿಡುಗು: ಕಾಫಿ ಕೊಯ್ಲಿನ ಸಂಬಳ, ಬೋನಸ್ ಕೈಗೆ ಬಂದ ವಾರವೇ ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಯ) ಪುಸ್ತಕ ತೆಗೆದು ಯಾರು ಎಷ್ಟು ಕೊಟ್ಟರೆಂದು ಎಲ್ಲರೆದುರು ಓದುವುದು. ಕೂಲಿಯವರ ಮಾನಕ್ಕೆ ಕೈಹಾಕಿ ವಸೂಲಿ ಮಾಡುವ ಬಗೆ ಇದು. ಲೆಕ್ಕ ಕೇಳಿದವರಿಗೆ "ಅಭಿಷಿಕ್ತರನ್ನು ಮುಟ್ಟಬೇಡಿ" ಎಂಬ ಬೈಬಲಿನ 105ನೇ ಕೀರ್ತನೆಯ ವಚನ ತೋರಿಸುತ್ತಾರೆ. ಅಲೆಮಾರಿಗಳಾಗಿದ್ದ ಅಬ್ರಹಾಮ, ಇಸಾಕ, ಯಾಕೋಬರಂಥ ಮೂಲಪುರುಷರಿಗೆ ಕೇಡು ಮಾಡಬೇಡಿ ಎಂದು ದೇವರು ಅರಸರಿಗೆ ಹೇಳಿದ ಮಾತು ಅದು, ಜಮಾಖರ್ಚಿಗೂ ಅದಕ್ಕೂ ಸಂಬಂಧವಿಲ್ಲ. ಅಪೊಸ್ತಲ ಪೌಲನೇ ಕಾಣಿಕೆ ಹಣ ಸಾಗಿಸುವಾಗ ಯಾರೂ ತಪ್ಪು ಹೊರಿಸದಿರಲೆಂದು ಬೇರೆಯವರನ್ನು ಜೊತೆಗಿಟ್ಟುಕೊಂಡ (2 ಕೊರಿಂಥ 8).

ಸಭೆ ಸೊಸೈಟಿಯಾಗಿ ನೋಂದಣಿಯಾಗಿದ್ದರೆ ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ₹10ರ ಮಾಹಿತಿ ಹಕ್ಕು ಅರ್ಜಿ ಹಾಕಿ, ಸಲ್ಲಿಸಿರುವ ಲೆಕ್ಕಪತ್ರದ ಪ್ರತಿ ಕೇಳಿ. ಒಂದೇ ವಿಷಯ, 150 ಪದದೊಳಗೆ ಇರಲಿ. ಟ್ರಸ್ಟ್ ಆದರೆ ನೋಂದಾಯಿತ ಟ್ರಸ್ಟ್ ಪತ್ರದ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ.

ಇನ್ನು ಕಾಗದಪತ್ರ. ಮನೆಯ ಪ್ರತಿಯೊಬ್ಬರ ದೀಕ್ಷಾಸ್ನಾನದ, ಮದುವೆಯ ಸರ್ಟಿಫಿಕೇಟನ್ನು ಜಗಳಕ್ಕೆ ಮುಂಚೆಯೇ, ಸೀಲು ಸಹಿ ಸಮೇತ ತಲಾ ಎರಡು ಪ್ರತಿ ಪಡೆಯಿರಿ. ರಿಜಿಸ್ಟರ್ ಇರುವುದು ದೀಕ್ಷಾಸ್ನಾನವಾದ ಊರಿನ ಚರ್ಚಿನಲ್ಲಿ. ಈಗಿನ ಚರ್ಚಿನಲ್ಲಿ ಹುಡುಕಿ ಫಲವಿಲ್ಲ. ಸ್ವತಂತ್ರ ಪಾಸ್ಟರ್ ಮದುವೆ ಮಾಡಿಸಿದ್ದರೆ ಅವರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಲೈಸೆನ್ಸ್ ಇತ್ತೇ ಎಂದು ನೋಡಿ. ಇಲ್ಲದಿದ್ದರೆ ತಡಮಾಡದೆ ವಕೀಲರನ್ನು ಕಾಣಿ, ಪಾಸ್‌ಪೋರ್ಟ್, ಪಿಂಚಣಿ, ಆಸ್ತಿ ಎಲ್ಲ ಕಡೆ ತೊಡಕಾಗುತ್ತದೆ. ಹೂಳುವ ಜಾಗದ ಬಗ್ಗೆ ಹೊಸ ಸಭೆಯವರ ಮಾತನ್ನು ಬರಹದಲ್ಲಿ ಪಡೆಯಿರಿ, ಗ್ರಾಮ ಪಂಚಾಯಿತಿಯ ಸಾರ್ವಜನಿಕ ಸ್ಮಶಾನ ಎಲ್ಲಿದೆಯೆಂದೂ ಕೇಳಿಟ್ಟುಕೊಳ್ಳಿ.

ಮಕ್ಕಳ ಮೇಲೆ ಕೈಹಾಕಿದ ಸುದ್ದಿಯಾದರೆ ಮೇಲೆ ಹೇಳಿದ್ದೊಂದೂ ಅನ್ವಯಿಸದು. ಬಿಷಪ್‌ಗೂ ಬರೆಯುತ್ತಾ ಕೂರಬೇಡಿ, ಹಿರಿಯರ ರಾಜಿಗೂ ಒಪ್ಪಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಡಿ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಸಭೆ ಬಿಡುವುದನ್ನು ತಿಳಿಸುವ ಕೊನೆಯ ಪತ್ರ ಅರ್ಧ ಪುಟ ಸಾಕು: ಹೆಸರುಗಳು, ಬಿಡುವ ದಿನ, ಕೊಟ್ಟು ತೀರಿಸಿದ ಚಂದಾ. ಕಾರಣ ಬರೆದರೆ ದಾಖಲೆ ಇರುವುದನ್ನಷ್ಟೇ ಬರೆಯಿರಿ. ವಾಟ್ಸಾಪ್ ಗ್ರೂಪಿನಲ್ಲಿ ಬೈದವರ ಮೇಲೆಯೇ ಮಾನನಷ್ಟ ಮೊಕದ್ದಮೆ ಬಿದ್ದು, ಲೆಕ್ಕದ ವಿಷಯ ಮೂಲೆಗೆ ಸೇರುತ್ತದೆ.