ಎದೆಹಾಲು, ಪಂಪ್ ಹಾಲು, ಪುಡಿ ಹಾಲು: ಮನೆಯವರಿಗೆ ಯಾವುದು ಸುಖ?

ನಮ್ಮ ಎರಡನೇ ಮಗುವಿಗೆ ಮೂರೂ ಆಯಿತು. ನೇರ ಎದೆಹಾಲು, ಪಂಪ್‌ನಲ್ಲಿ ತೆಗೆದ ಹಾಲು, ಐದು ದಿನ ಡಬ್ಬಿ ಪುಡಿ. ಮಗುವಿಗೆ ಎದೆಹಾಲೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮನೆಯ ಉಳಿದವರ ಗತಿ ಏನಾಯಿತು ಅನ್ನುವುದನ್ನು ನಾನು ಹೇಳುತ್ತೇನೆ.

ವ್ಯತ್ಯಾಸ ಗೊತ್ತಾಗುವುದು ರಾತ್ರಿ. ಮಗು ಮುಲುಗಿದ ಕೂಡಲೇ, ದೀಪ ಹಾಕದೆ, ಎದೆಗೆ ಹಾಕಿಕೊಳ್ಳುತ್ತಿದ್ದೆ. ಅಳು ಜೋರಾಗುವ ಮೊದಲೇ ಬಾಯಿಗೆ ಹಾಲು. ಪಕ್ಕದಲ್ಲಿದ್ದ ದೊಡ್ಡವಳಿಗೆ ಎಚ್ಚರವೇ ಇಲ್ಲ. ಮೊದಲ 6 ತಿಂಗಳು ನೀರೂ ಬೇಡ, ಹಾಗಾಗಿ ಹೊರಗೆ ಹೋಗುವಾಗಲೂ ಚೀಲ ಹಗುರ.

ಆಮೇಲೆ ನಾನು ಆಸ್ಪತ್ರೆ ಸೇರಿದೆ. ಆ ಔಷಧಿ ಮುಗಿಯುವ ತನಕ ಎದೆಹಾಲು ಬೇಡ ಎಂದರು ಡಾಕ್ಟರ್. ಹಾಲು ಬತ್ತಬಾರದಲ್ಲ, ಪಂಪ್ ಮಾಡಿ ಚೆಲ್ಲಿದೆ. (ಚೆಲ್ಲುವಾಗ ಅಳು ಬಂದದ್ದು ನಿಜ.) ಪುಡಿಯ ರಾತ್ರಿಗಳ ಕಥೆ ನಮ್ಮವರ ಬಾಯಲ್ಲೇ ಕೇಳಬೇಕು. ಪುಡಿಯಲ್ಲೂ ರೋಗಾಣು ಇರಬಹುದು, ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಕಲಸಬೇಕು. ಕಲಸಿದ ಮೇಲೆ ಆರಿಸಬೇಕು. ಅಷ್ಟರಲ್ಲಿ ಮಗು ಕಿರುಚಿ ಮನೆಯನ್ನೆಲ್ಲ ಎಬ್ಬಿಸಿರುತ್ತದೆ. ಕುಡಿದು ಉಳಿದದ್ದನ್ನು ಎತ್ತಿಡುವ ಹಾಗಿಲ್ಲ, ಚೆಲ್ಲಬೇಕು. ಆದರೂ ಆ ಐದು ದಿನ ಕೈ ಹಿಡಿದದ್ದು ಅದೇ.

ಕೆಲಸಕ್ಕೆ ಮರಳಿದ ಮೇಲೆ ಪಂಪ್ ದಿನದ ಸಂಗಾತಿಯಾಯಿತು. ತೆಗೆದ ಹಾಲು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ತಾರೀಖಿನ ಚೀಟಿ ಅಂಟಿಸುವ ಕೆಲಸ ದೊಡ್ಡವಳದ್ದು. ಒಮ್ಮೆ ಅಪ್ಪನ ಕಾಫಿ ಲೋಟಕ್ಕೂ ಅಂಟಿಸಿದ್ದಳು. ಅವರು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಡಿಸುವಾಗಿನ ಮುಖ ನೋಡಬೇಕಿತ್ತು! ಕಷ್ಟ ಅಂದರೆ ತೊಳೆಯುವುದು. ಪಂಪಿನ ಬಿಡಿ ಭಾಗಗಳು ಸಿಂಕ್‌ನಲ್ಲಿ ಯಾವಾಗಲೂ ಇರುತ್ತಿದ್ದವು.

ನೇರ ಎದೆಹಾಲಿನಲ್ಲೂ ಕೊರತೆ ಇಲ್ಲದಿಲ್ಲ. ಮೊದಲ ವಾರಗಳಲ್ಲಿ ತೊಟ್ಟು ಬಿರಿದಿತ್ತು, ಬೆನ್ನು ನೋಯುತ್ತಿತ್ತು, ಭಾರವೆಲ್ಲ ನನ್ನ ಮೇಲೆ. ನಮ್ಮವರು ತೇಗು ಬರಿಸುವುದು, ಬಟ್ಟೆ ಬದಲಿಸುವುದು ವಹಿಸಿಕೊಂಡ ಮೇಲೆ ಸರಿಹೋಯಿತು. ಹಾಲೂಡಿಸಿದ ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಕಡಿಮೆ. ಅದು ಮನೆಗೂ ಲಾಭವೇ ಅಲ್ವಾ?

ಈಗ ರಾತ್ರಿ ನೇರ, ಹಗಲು ಪಂಪ್. ಪುಡಿ ಡಬ್ಬಿ ತೆರೆದು ತಿಂಗಳಾಯಿತು ಅಂತ ಎಸೆದೆ. ಬೇಕಾದರೆ ಮತ್ತೆ ತರುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ.