ತಂತಿ ಹೆಣಿಗೆಯ ಕಿಟ್: ಇಕ್ಕಳ ಇಟ್ಟುಕೊಳ್ಳಿ, ತಂತಿ ಬದಲಿಸಿ

ತಂತಿ ಹೆಣೆದು ಒಡವೆ ಮಾಡಲು ಹೊರಟವರ ಕೈಗೆ ಮೊದಲು ಸಿಗುವುದು ಬಹುಪಾಲು ಒಂದೇ ಅಚ್ಚಿನ ಕಿಟ್. ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ. ಒಳಗಿನ ಸರಕು ಅದೇ. ಬಣ್ಣಬಣ್ಣದ ಹತ್ತಾರು ತಂತಿಸುರುಳಿ, ಮೂರು ಪುಟ್ಟ ಇಕ್ಕಳ, ಒಂದು ಕಟರ್, ಕಿವಿಯ ಕೊಕ್ಕೆಗಳು, ಜಂಪ್ ರಿಂಗ್ (ಭಾಗಗಳನ್ನು ಜೋಡಿಸುವ ಪುಟ್ಟ ತಂತಿಬಳೆ), ಒಂದು ಹಿಡಿ ಮಣಿ. ಇಂಥ ಕಿಟ್ಟಿನ ಯೋಗ್ಯತೆ ತಿಳಿಯಲು ಮೂರು ಕೆಲಸ ಸಾಕು: ಎರಡು ದಪ್ಪ ಆಧಾರ ತಂತಿಗೆ ಸಣ್ಣ ತಂತಿ ಸುತ್ತುವ ನೇಯ್ಗೆ, ಕೋಲಿನ ಮೇಲೆ ಕುಣಿಕೆ ಹಾಕುತ್ತ ಹೋಗುವ ವೈಕಿಂಗ್ ನಿಟ್, ಜೋಡಿ ತಂತಿಯ ಗಂಟು. ಮೂರರಲ್ಲೂ ಸಲಕರಣೆ ಹೇಗೋ ಪಾಸಾಗುತ್ತದೆ, ತಂತಿ ಫೇಲಾಗುತ್ತದೆ.

ಮೊದಲ ಎಡವಟ್ಟು ದಪ್ಪದ್ದು. ಚೀಟಿಯ ಮೇಲೆ ಬರೀ ‘26 ಗೇಜ್’ ಎಂದಿರುತ್ತದೆ, ಯಾರ ಗೇಜ್ ಎಂದಿರುವುದಿಲ್ಲ. ಅಮೆರಿಕನ್ ಅಳತೆಯಲ್ಲಿ 26 ಎಂದರೆ 0.40 ಮಿ.ಮೀ., ಬ್ರಿಟಿಷ್ ಅಳತೆಯಲ್ಲಿ 0.46. ಹಾಗೆಯೇ 20 ಗೇಜ್ ಅಮೆರಿಕನ್ ಆದರೆ 0.81, ಬ್ರಿಟಿಷ್ ಆದರೆ 0.91. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನಬೇಡಿ. ತಂತಿ ಬಗ್ಗಿಸಲು ಬೇಕಾದ ಬಲ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ, 0.40ರ ತಂತಿಗಿಂತ 0.46ರದ್ದು ಸುಮಾರು ಒಂದೂವರೆ ಪಟ್ಟು ಹಟ ಮಾಡುತ್ತದೆ. ನೂರು ಕುಣಿಕೆ ಹಾಕುವಷ್ಟರಲ್ಲಿ ಬೆರಳಿಗೆ ಅದು ಗೊತ್ತಾಗುತ್ತದೆ. ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದ ಸುರುಳಿಯನ್ನೇ ಕೊಳ್ಳಿ.

ಎರಡನೆಯದು ಲೋಹ. ಬಣ್ಣದ ಲೇಪನದ ಕೆಳಗೆ ತಾಮ್ರವಿದೆಯೋ ಇನ್ನೇನಿದೆಯೋ ನೋಡಲು ತುದಿಯನ್ನು ಕತ್ತರಿಸಿ: ಕೆಂಪಗಿದ್ದರೆ ತಾಮ್ರ, ಬೆಳ್ಳಗಿದ್ದು ಕೈಗೆ ಹಗುರವೆನಿಸಿದರೆ ಅಲ್ಯೂಮಿನಿಯಂ, ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣದ ಜಾತಿ. ಅಲ್ಯೂಮಿನಿಯಂ ದಪ್ಪ ಬಳೆಗೆ ಚೆನ್ನ, ಸಣ್ಣ ನೇಯ್ಗೆಯಲ್ಲಿ ಆಕಾರ ನಿಲ್ಲುವುದಿಲ್ಲ. ಹಿತ್ತಾಳೆ ನೋಡಲು ಚಂದ, ಆದರೆ ಬಿರುಸು. ಆಧಾರಕ್ಕೆ ಸರಿ, ಸುತ್ತಲು ಬೇಡ.

ಅಪ್ಪಟ ತಾಮ್ರವೇ ಇದ್ದರೂ ಲೇಪನದ್ದು ಬೇರೆಯೇ ತಕರಾರು. ಆಧಾರಕ್ಕೆ 0.8, ನೇಯಲು 0.3 ಮಿ.ಮೀ. ತೆಗೆದುಕೊಂಡು, ಒಂದು ಆಧಾರದ ಮೇಲೆ ಮೂರು ಸುತ್ತು, ಆಮೇಲೆ ಎರಡನ್ನೂ ಸೇರಿಸಿ ಎರಡು ಸುತ್ತು ಎಂಬ ಸರಳ ವಿನ್ಯಾಸ ಹಾಕಿ ನೋಡಿ. ಸಾಲುಗಳನ್ನು ಉಗುರಿನಿಂದ ಒತ್ತೊತ್ತಿ ಕೂರಿಸಬೇಕು. ಲೇಪನದ ತಂತಿ ನುಣುಪು, ಒತ್ತಿದ ಸಾಲು ಮತ್ತೆ ಜಾರುತ್ತದೆ. ಇಕ್ಕಳ ತಾಗಿದಲ್ಲೆಲ್ಲ ಬಣ್ಣ ಎದ್ದು ತಾಮ್ರ ಇಣುಕುತ್ತದೆ. ಬೆಳ್ಳಿ ಲೇಪನದ್ದೂ ಅಷ್ಟೇ: ಕತ್ತರಿಸಿದ ತುದಿ ಕೆಂಪಗೇ ಉಳಿಯುತ್ತದೆ, ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದರೆ ಲೇಪನ ತೆಳುವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಬಣ್ಣದ ತಂತಿಯನ್ನು ಕಾಯಿಸುವಂತಿಲ್ಲ. ತಾಮ್ರ ಬಗ್ಗಿಸಿದಷ್ಟೂ ಗಡುಸಾಗುವ ಲೋಹ. ಒಂದೇ ಜಾಗದಲ್ಲಿ ನಾಲ್ಕಾರು ಸಲ ಬಗ್ಗಿಸಿ ನೇರ ಮಾಡಿದರೆ ಅಲ್ಲೇ ಮುರಿಯುತ್ತದೆ. ಬರೀ ತಾಮ್ರವಾದರೆ ಮಂದ ಕೆಂಪಿಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಮೇಲೆ ಕಟ್ಟಿದ ಕಪ್ಪು ಪದರ ಬೆಚ್ಚಗಿನ ಸಿಟ್ರಿಕ್ ಆಮ್ಲದ ನೀರಿನಲ್ಲಿ ಬಿಡುತ್ತದೆ. ತುದಿಯನ್ನು ಜ್ವಾಲೆಗೆ ಹಿಡಿದು ಪುಟ್ಟ ಗುಂಡು ಮಾಡುವುದೂ, ಗಂಧಕದ ದ್ರಾವಣದಲ್ಲಿ ಅದ್ದಿ ಹಳೆಯ ಒಡವೆಯ ಕಪ್ಪು ಛಾಯೆ ತರುವುದೂ ಬರೀ ತಾಮ್ರಕ್ಕೆ ಸಾಧ್ಯ. ಲೇಪನದ ತಂತಿಯನ್ನು ಜ್ವಾಲೆಗೆ ಹಿಡಿದರೆ ಬಣ್ಣ ಸುಟ್ಟು ಕೆಟ್ಟ ಹೊಗೆ ಬರುತ್ತದೆ, ಅಷ್ಟೇ.

ಸುರುಳಿಯ ಉದ್ದದ ಬಗ್ಗೆ ಒಂದು ಲೆಕ್ಕ. ಮೇಲಿನ ವಿನ್ಯಾಸದಲ್ಲಿ ಒಂದು ಸೆಂ.ಮೀ. ನೇಯ್ಗೆಗೆ 0.3ರ ತಂತಿ ಸುಮಾರು 15 ಸೆಂ.ಮೀ. ಬೇಕು. 10 ಸೆಂ.ಮೀ. ಪಟ್ಟಿಗೆ ಒಂದೂವರೆ ಮೀಟರ್, ಹಿಡಿಯಲು ತುದಿ ಬೇಕಲ್ಲ, ಎರಡು ಮೀಟರ್ ಕತ್ತರಿಸಿಕೊಳ್ಳಿ. ಅದನ್ನು ಸುತ್ತಿ ಎಳೆಯುವಾಗ ಉಂಟಾಗುವ ಕುಣಿಕೆಯೊಳಗೆ ಬೆರಳಿಟ್ಟು ಕೊನೆಯವರೆಗೂ ಅಗಲವಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಕುಣಿಕೆ ಕಿರಿದಾಗಿ ಗಿಣ್ಣು ಬಿತ್ತೆಂದರೆ, ನೇರ ಮಾಡಿದರೂ ಮುಂದೆ ಅಲ್ಲೇ ತುಂಡಾಗುತ್ತದೆ. ತೂಕಕ್ಕೆ ಮಾರುವ ಬರೀ ತಾಮ್ರ 100 ಗ್ರಾಂ ಕೊಂಡರೆ 0.4 ಮಿ.ಮೀ.ನಲ್ಲಿ ಸುಮಾರು 89 ಮೀಟರ್ ಬರುತ್ತದೆ, 0.8ರಲ್ಲಿ 20 ಮೀಟರಿಗೆ ಮೇಲೆ. ಕಿಟ್ಟಿನ ಪುಟ್ಟ ಸುರುಳಿಗಳ ಮುಂದೆ ಇದೊಂದು ಕಣಜ.

ವೈಕಿಂಗ್ ನಿಟ್‌ಗೆ 0.4 ಹದವಾದ ದಪ್ಪ. 0.3 ಎಳೆದ ಮೇಲೆ ಜಾಳಾಗುತ್ತದೆ, 0.5 ಬೆರಳು ನೋಯಿಸುತ್ತದೆ. ಕೋಲಿನ ಸುತ್ತ ಐದು ಕುಣಿಕೆಗಳಿಂದ ಆರಂಭಿಸಿ, ಪ್ರತಿ ಹೊಸ ಕುಣಿಕೆಯನ್ನು ಮೇಲಿನದರ ಕತ್ತಿನ ಹಿಂದೆ ತೂರಿಸಿ ತರಬೇಕು. ಒಮ್ಮೆಗೆ 60 ಸೆಂ.ಮೀ.ಗಿಂತ ಉದ್ದದ ತಂತಿ ಬೇಡ, ಸಿಕ್ಕಾಗುತ್ತದೆ. ಹೆಣೆದು ಮುಗಿದ ಕೊಳವೆಯನ್ನು ಕೋಲಿನಿಂದ ತೆಗೆದು, ಬೇರೆಬೇರೆ ಗಾತ್ರದ ತೂತಿರುವ ಹಲಗೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಒಂದೂ ಬಿಡದೆ ಎಳೆಯಬೇಕು. ಹಲಗೆ ಕಿಟ್ಟಿನಲ್ಲಿ ಬಂದಿದ್ದರೆ ತೂತಿನ ಅಂಚನ್ನು ಬೆರಳಿಂದ ಸವರಿ ನೋಡಿ. ತರಿತರಿಯಾಗಿದ್ದರೆ ಮರಳುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಸರದ ಉದ್ದಕ್ಕೂ ಗೀರು ಬೀಳುತ್ತದೆ. ಎಳೆದಾಗ ಸರ ಉದ್ದವಾಗುವುದರಿಂದ, ಬೇಕಾದ ಉದ್ದದ ಅರ್ಧಕ್ಕಿಂತ ತುಸು ಹೆಚ್ಚು ಹೆಣೆದಾಗಲೇ ಒಮ್ಮೆ ಎಳೆದು ಅಳೆಯಿರಿ. ಕಡಿಮೆಯಾದರೆ ಮುಂದುವರಿಸಬಹುದು. (ಹೆಸರು ವೈಕಿಂಗರದ್ದಾದರೂ ಪುರಾತತ್ತ್ವಜ್ಞರ ಬಾಯಲ್ಲಿ ಇದೇ ಹೆಣಿಗೆಗೆ ಟ್ರಿಚಿನೋಪೊಲಿ, ಅಂದರೆ ನಮ್ಮ ತಿರುಚಿರಾಪಳ್ಳಿ, ಎಂಬ ಹೆಸರೂ ಇದೆ.)

ಗಂಟಿನ ವಿಷಯಕ್ಕೆ ಬಂದರೆ ಕಿಟ್ಟಿನ ಕೈಪಿಡಿ ತಪ್ಪು ದಾರಿ ತೋರಿಸುವುದೇ ಹೆಚ್ಚು: ದಾರದ ಗಂಟಿನ ಚಿತ್ರವನ್ನೇ ತಂದು ಹಾಕಿರುತ್ತದೆ. ದಾರ ಜಾರಿ ಬಿಗಿಯಾಗುತ್ತದೆ, ತಂತಿ ಜಾರುವುದಿಲ್ಲ. ಎರಡು ತುದಿ ಹಿಡಿದು ಜಗ್ಗಿದರೆ ನಡುವೆ ಚೂಪಾಗಿ ಮಡಿಯುತ್ತದೆ. 0.5ರ ಮೆತ್ತನೆಯ ತಂತಿ ಎರಡು ಮೂರು ಎಳೆ ಪಕ್ಕಪಕ್ಕ ಹಿಡಿದು, ಗಂಟನ್ನು ಮೊದಲು ದೊಡ್ಡದಾಗಿ ಸಡಿಲವಾಗಿ ಹಾಕಿ, ಆಮೇಲೆ ನಡುವಿನಿಂದ ಹೊರಕ್ಕೆ ಒಂದೊಂದು ಬಾಗನ್ನೂ ಸ್ವಲ್ಪಸ್ವಲ್ಪವೇ ಚಿಕ್ಕದು ಮಾಡಬೇಕು. ಎಳೆಗಳು ಒಂದರ ಮೇಲೊಂದು ಹತ್ತಿದರೆ ಆಗಲೇ ಸರಿಪಡಿಸಿ. ಬಿಗಿದ ಮೇಲೆ ಬಿಚ್ಚುವ ಆಸೆ ಬಿಡಿ.

ಇಕ್ಕಳಗಳಲ್ಲಿ ಗುಂಡುಮೂತಿಯದು ನಿಜಕ್ಕೂ ಉಪಯುಕ್ತ. ಚಪ್ಪಟೆಮೂತಿಯದರ ಒಳಬದಿಯಲ್ಲಿ ಹಲ್ಲಿದ್ದರೆ ಮೆತ್ತನೆಯ ತಾಮ್ರದ ಮೇಲೆ ಅಚ್ಚು ಬೀಳುತ್ತದೆ. ಟೇಪ್ ಸುತ್ತಿ ಬಳಸಿ, ಇಲ್ಲವೇ ನೈಲಾನ್ ಮೂತಿಯ ಇಕ್ಕಳವೊಂದನ್ನು ಸೇರಿಸಿಕೊಳ್ಳಿ. ಕಿವಿಯ ಕೊಕ್ಕೆಯ ಲೋಹ ಯಾವುದೆಂದು ಬರೆದಿಲ್ಲದಿದ್ದರೆ ಪಕ್ಕಕ್ಕಿಡಿ. ಲೇಪನದಡಿ ನಿಕ್ಕೆಲ್ ಇದ್ದರೆ ಹಲವರಿಗೆ ತುರಿಕೆ ಏಳುತ್ತದೆ. 0.8ರ ಬೆಳ್ಳಿ ತಂತಿಯಿಂದ ಕೊಕ್ಕೆ ಬಾಗಿಸಿ, ತುದಿಯನ್ನು ಅರದಿಂದ ಉರುಟಾಗಿಸುವುದು ಹತ್ತು ನಿಮಿಷದ ಕೆಲಸ.

ಕಟರ್ ಹೊಸದರಲ್ಲಿ ಚೆನ್ನಾಗಿಯೇ ಕತ್ತರಿಸುತ್ತದೆ. ಚಪ್ಪಟೆ ಬದಿಯನ್ನು ಒಡವೆಯ ಕಡೆಗೆ ಹಿಡಿದರೆ ತುದಿ ಚುಚ್ಚುವುದಿಲ್ಲ. ಕಿಟ್ಟಿನಲ್ಲೇ ಮೆಮೊರಿ ವೈರ್ ಎಂಬ ಸುರುಳಿ ಇದ್ದರೆ ಅದಕ್ಕೆ ಮಾತ್ರ ಈ ಕಟರ್ ತಾಗಿಸಬೇಡಿ. ಅದು ಗಟ್ಟಿ ಉಕ್ಕು. ಒಂದೇ ಏಟಿಗೆ ಅಲಗಿನಲ್ಲಿ ಕಚ್ಚು ಬೀಳುತ್ತದೆ, ಆಮೇಲೆ 0.3ರ ತಾಮ್ರ ಆ ಕಚ್ಚಿನೊಳಗೆ ನುಸುಳಿ ತುಂಡಾಗದೆ ಬಾಗಿ ಹೊರಬರುತ್ತದೆ.