‘ಕೈಯಿಂದ ಬರೆದ ಟೈಲ್ ಚಿತ್ರ’ ಎಂದು ಮುಂಗಡ ಕೇಳಿದರೆ, ಕೊಡುವ ಮೊದಲು ಇದನ್ನು ಓದಿ

ಮನೆಗೋ ಹೋಂಸ್ಟೇಗೋ ಟೈಲ್ ಮೇಲೆ ಕೈಯಿಂದ ಚಿತ್ರ ಬರೆಸಿ ಗೋಡೆಗೆ ಹಾಕಿಸಬೇಕೆಂದಿರುವವರು ದಯವಿಟ್ಟು ಪೂರ್ತಿ ಓದಿ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದೇ ಒಂದು ಬಚ್ಚಲಿನ ಗೋಡೆಗೆ ತೆರಿಗೆ ಸೇರಿ 50,976 ರೂಪಾಯಿ ಸುರಿದಿದ್ದೇವೆ. ಈಗ ನೆಂಟರು ಬಂದರೆ ಆ ಬಚ್ಚಲಿನ ಬಾಗಿಲನ್ನು ಎಳೆದು ಹಾಕಿಡುತ್ತೇವೆ. ಮಳಿಗೆ ಮೈಸೂರಿನದು. ಪ್ರಕರಣ ಗ್ರಾಹಕ ಆಯೋಗದ ಮುಂದಿರುವುದರಿಂದ ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ, ಬರೆಯುವುದಿಲ್ಲ. ಆದರೆ ಅವರು ಮಾತಾಡಿದ್ದನ್ನು ಬರೆಯಬಾರದು ಎಂದು ಯಾರೂ ಹೇಳಿಲ್ಲ.

ಕೊಡಗಿನ ನಾಪೋಕ್ಲು ಕಡೆ ನಮ್ಮ ಕಾಫಿ ತೋಟ. ಮನೆಗೆ ಸೇರಿಕೊಂಡೇ ಎರಡು ಕೋಣೆಯ ಹೋಂಸ್ಟೇ. ಲಕ್ಷದ್ವೀಪದ ಬಂಗಾರಂ ದ್ವೀಪಕ್ಕೆ ಹೋಗಿದ್ದಾಗ ನಮ್ಮವರು ತೆಗೆದ ಒಂದು ಫೋಟೊ ಇತ್ತು. ದಡದ ಹತ್ತಿರ ಬಿಳಿ ಹವಳದ ಮರಳಿನ ಮೇಲೆ ಬಣ್ಣವೇ ಇಲ್ಲದಷ್ಟು ತಿಳಿನೀರು, ಸ್ವಲ್ಪ ಮುಂದೆ ಹಸಿರು ಬೆರೆತ ನೀಲಿ, ಅದರಾಚೆ ಹವಳದ ದಿಬ್ಬಕ್ಕೆ ಅಲೆ ಬಡಿದು ಒಡೆಯುವ ಬಿಳಿ ಗೆರೆ, ಗೆರೆ ದಾಟಿದರೆ ಒಮ್ಮೆಲೇ ಕಡುನೀಲಿ. ಒಂದು ಬದಿಗೆ ತಗ್ಗಾದ ತೆಂಗಿನ ಸಾಲು. ಅಷ್ಟೇ. ಆ ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ತಿಳಿಗಡಲು, ಬಚ್ಚಲಿನ ಗೋಡೆಯ ಮೇಲೆ ಬರಬೇಕು ಎಂದು ನನ್ನ ಆಸೆ. ಆರು ತಿಂಗಳು ಮಂಜು, ಮಳೆ, ಜಿಗಣೆ ನೋಡುವ ನಮಗೆ ಸ್ನಾನ ಮಾಡುವಾಗಲಾದರೂ ಬಿಸಿಲಿನ ಕಡಲು ಕಾಣಲಿ ಎಂದು.

ಮಳಿಗೆಯಲ್ಲಿ ಒಂದು ಸ್ಯಾಂಪಲ್ ಟೈಲ್ ಕೈಗೆ ಕೊಟ್ಟರು. ನಿಜಕ್ಕೂ ಕೈಯಿಂದ ಬರೆದದ್ದು. ಕುಂಚ ಎಳೆದ ಗುರುತು ಕಾಣುತ್ತಿತ್ತು, ಮೆರುಗಿನ ಲೇಪ ನಿಂತಲ್ಲಿ ನೀಲಿ ದಪ್ಪವಾಗಿ ಬೆರಳಿಗೆ ತಗಲುತ್ತಿತ್ತು. ಹಸಿರುನೀಲಿ ಬರುವುದು ತಾಮ್ರದಿಂದ, ಕಡುನೀಲಿ ಕೋಬಾಲ್ಟ್‌ನಿಂದ, ಬಣ್ಣ ಹಚ್ಚಿದ ಮೇಲೆ ಮೆರುಗು ಕೊಟ್ಟು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಗೂಡಿನೊಳಗೆ ಸುಡುತ್ತೇವೆ, ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಹೋಗುವುದಿಲ್ಲ ಎಂದರು. ಕುಂಬಾರಿಕೆ ತಿಳಿದವರನ್ನು ಆಮೇಲೆ ಕೇಳಿದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲವಂತೆ. ಸುಳ್ಳಿದ್ದದ್ದು ಪೆಟ್ಟಿಗೆಯೊಳಗೆ.

ಚದರಡಿಗೆ 1,800 ರೂಪಾಯಿ, ಅರ್ಧ ಮುಂಗಡ, ಉಳಿದದ್ದು ಗಾಡಿಯಿಂದ ಇಳಿಸುವ ಮೊದಲು. ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತು. ತೆರಿಗೆ ಬಿಲ್ ಕೇಳಿದ್ದಕ್ಕೆ ಮುಖ ಸಣ್ಣದು ಮಾಡಿ, “ಶೇಕಡ 18 ಜಾಸ್ತಿಯಾಗುತ್ತದೆ ಮೇಡಂ, ಎಸ್ಟಿಮೇಟ್ ಚೀಟಿ ಸಾಕಲ್ಲವೇ?” ಎಂದರು. ಆಗಲಿ, ಬಿಲ್ಲೇ ಬೇಕು ಎಂದೆ. ಕೊಟ್ಟರು. ಅದರಲ್ಲಿ ಬರೆದದ್ದು ‘ಅಲಂಕಾರಿಕ ಟೈಲ್ – 96’ ಎಂದು ಮಾತ್ರ. ಕೈಯಿಂದ ಬರೆದದ್ದು ಎಂಬ ಮಾತು ಇಡೀ ಬಿಲ್ಲಿನಲ್ಲಿ ಎಲ್ಲೂ ಇಲ್ಲ! ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆಗೆ ಕಳುಹಿಸಿದ ಚಿತ್ರ ಮಾತ್ರ ನಮ್ಮ ಬಂಗಾರಂ ಫೋಟೊವೇ ಆಗಿತ್ತು. ಹೇಳಿದ ದಿನಕ್ಕೆ ಮಾಲು ಬರಲಿಲ್ಲ, ಅದು ಹೋಗಲಿ.

ಆರಿಂಚಿನ 96 ಟೈಲ್‌ಗಳು, ಹಿಂಬದಿಗೆ ಸಂಖ್ಯೆ, ಸಾಲಿಗೊಂದರಂತೆ ಎಂಟು ಪೆಟ್ಟಿಗೆ. “ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಬೇಡಿ, ಒಡೆದರೆ ನಾವು ಹೊಣೆಯಲ್ಲ. ಒಂದು ಸಾಲು ಅಂಟಿಸಿ ಮುಗಿದ ಮೇಲೆ ಮುಂದಿನ ಪೆಟ್ಟಿಗೆ ಬಿಚ್ಚಿ” ಎಂದು ಎರಡೆರಡು ಸಲ ಹೇಳಿ ಕಳುಹಿಸಿದ್ದರು. ಎಷ್ಟು ಕಾಳಜಿ ನೋಡಿ.

ಮೇಸ್ತ್ರಿ ಕೆಳಗಿನಿಂದ ಶುರು ಮಾಡಿದರು. ನಲ್ಲಿಯ ಪೈಪ್ ಬರುವ ಕಡೆ ತೂತು ಕೊರೆಯಬೇಕಿತ್ತು. ಕಟಿಂಗ್ ಮೆಷಿನ್ ಇಟ್ಟು ತೆಗೆದರೆ, ಕೊರೆದ ಅಂಚಿನಲ್ಲಿ ನೀಲಿ ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ನಿಂತಿದೆ. ಸುಟ್ಟ ಮೆರುಗಾದರೆ ಗಾಜಿನ ಹಾಗೆ ಚಕ್ಕೆ ಹಾರುತ್ತದೆ, ಸಿಪ್ಪೆ ಏಳುವುದಿಲ್ಲ. ಮೇಸ್ತ್ರಿ ಅದನ್ನು ಉಗುರಿನಿಂದ ಎಳೆದು ನನಗೆ ತೋರಿಸಿದರು. “ಅಕ್ಕ, ಇದು ಗೂಡಿಗೆ ಹೋಗಿ ಬಂದ ಬಣ್ಣ ಅಲ್ಲ.” ಕೆಲಸ ನಿಲ್ಲಿಸಿ ಅಲ್ಲಿಂದಲೇ ಮಳಿಗೆಗೆ ಫೋನ್ ಮಾಡಿದೆ.

“ಅದು ರಕ್ಷಣೆಯ ಪದರ ಮೇಡಂ. ಪೇಂಟಿಂಗ್ ಅದರ ಒಳಗಿದೆ. ಧೈರ್ಯವಾಗಿ ಅಂಟಿಸಿ.”

ಧೈರ್ಯವಾಗಿ ಅಂಟಿಸಲಾಯಿತು. ನೀರು ಮುಗಿಯಿತು, ಬಿಳಿ ಗೆರೆ ಮುಗಿಯಿತು. ಮರುದಿನ ಮಧ್ಯಾಹ್ನ ಮೇಲಿನ ಸಾಲುಗಳಿಗೆ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಬಚ್ಚಲಿನಿಂದ ಮೇಸ್ತ್ರಿಯ ದನಿ: “ಅಕ್ಕ, ನೀವು ಹೇಳಿದ ಫೋಟೊದಲ್ಲಿ ಗುಡ್ಡ ಇತ್ತೇ?”

ಹೋಗಿ ನೋಡುತ್ತೇನೆ, ಕಡಲಿನ ನಡುವೆ ಗುಡ್ಡ! ಕಡಿದಾದ ಕಪ್ಪು ಬಂಡೆಯ ಗುಡ್ಡ. ಅದರ ಬುಡದಲ್ಲಿ ನೀರಿನ ಮೇಲೆ ಕಂಬ ನೆಟ್ಟ ಹುಲ್ಲಿನ ಗುಡಿಸಲುಗಳ ಸಾಲು. ಬಂಗಾರಂ ಹವಳದ ದ್ವೀಪ. ಲಕ್ಷದ್ವೀಪದ ಯಾವ ದ್ವೀಪದಲ್ಲೂ ಗುಡ್ಡವೆಂಬುದಿಲ್ಲ, ನೆಲವೇ ಕಡಲಿಗಿಂತ ಕೆಲವು ಮೀಟರ್ ಎತ್ತರ ಅಷ್ಟೇ. ಆ ಗುಡ್ಡ ಯಾವುದೆಂದು ಆಮೇಲೆ ಮಗಳು ಹುಡುಕಿ ತೆಗೆದಳು: ಪೆಸಿಫಿಕ್ ಸಾಗರದಲ್ಲಿ, ಫ್ರೆಂಚ್ ಪಾಲಿನೇಷ್ಯಾದ ಬೊರಾ ಬೊರಾ ದ್ವೀಪದ 727 ಮೀಟರ್ ಎತ್ತರದ ಒಟೆಮಾನು. ಕ್ಯಾಲೆಂಡರುಗಳಲ್ಲಿ, ಕಂಪ್ಯೂಟರ್ ಪರದೆಗಳಲ್ಲಿ ಎಲ್ಲರೂ ನೋಡಿರುವ ಲಗೂನ್. ಯಾರೋ ತೆಗೆದ ಫೋಟೊವನ್ನು ಎತ್ತಿ ನಮ್ಮ ತಲೆಗೆ ಕಟ್ಟಿದ್ದಾರೆ.

ಗುಡ್ಡಕ್ಕಿಂತ ಹೆಚ್ಚು ಉರಿದದ್ದು ತೆಂಗಿನ ಮರ ನೋಡಿ. ಎಡಗಡೆಯ ಮರದಲ್ಲಿ ಒಂದು ಗರಿ ನಡುವೆ ಮುರಿದು ಜೋತಾಡುತ್ತಿದೆ. ಸರಿ. ಪಕ್ಕದ ಮರದಲ್ಲೂ ಅದೇ ಗರಿ, ಅದೇ ಜಾಗದಲ್ಲಿ, ಅದೇ ಓರೆಗೆ ಮುರಿದಿದೆ. ಮೂರನೆಯದರಲ್ಲೂ. ಕೈಯಿಂದ ಬರೆಯುವ ಮನುಷ್ಯ ಮುರಿದ ಗರಿಯನ್ನು ಮೂರು ಸಲ ಕೂದಲೆಳೆ ವ್ಯತ್ಯಾಸವಿಲ್ಲದೆ ಬರೆಯುತ್ತಾನೆಯೇ? ಕಂಪ್ಯೂಟರಿನಲ್ಲಿ ನಕಲು ಮಾಡಿ ಅಂಟಿಸಿದ್ದು. ಕೈಯಲ್ಲಿ ಸೌಟು ಹಿಡಿದುಕೊಂಡೇ ಆ ಮೂರು ಗರಿಗಳ ಮುಂದೆ ನಿಂತೆ. ಮೇಸ್ತ್ರಿ ನನ್ನ ಮುಖ ನೋಡದೆ ಕೈ ತೊಳೆಯಲು ಹೋದರು. ಅವರಿಗೆ ಮೊದಲೇ ಅರ್ಥವಾಗಿತ್ತು. ಅದೇ ಹೆಚ್ಚು ನಾಚಿಕೆ.

ಮತ್ತೆ ಫೋನ್. ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

“ಸಮುದ್ರ ಎಲ್ಲ ಕಡೆ ಒಂದೇ ಅಲ್ಲವೇ ಮೇಡಂ.”

“ನೀವು ಕೊಡಗಿನವರು, ಗುಡ್ಡ ಇದ್ದರೆ ಇಷ್ಟಪಡುತ್ತೀರಿ ಎಂದು ಕಲಾವಿದರೇ ಸೇರಿಸಿದ್ದಾರೆ. ಅದಕ್ಕೆ ನಾವು ಹೆಚ್ಚಿಗೆ ಹಣ ತೆಗೆದುಕೊಂಡಿಲ್ಲ.”

ಗುಡ್ಡ ಬೇಕಿದ್ದರೆ ನಮ್ಮ ಅಂಗಳದಲ್ಲಿ ನಿಂತರೆ ತಡಿಯಂಡಮೋಳ್ ಕಾಣುತ್ತದೆ. 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು, ಬಿಟ್ಟಿ! ಅದನ್ನೂ ಹೇಳಿದೆ. ನಕ್ಕರು. ಕಲಾವಿದರ ಹತ್ತಿರ ಮಾತಾಡಿಸಿ ಎಂದೆ. “ಅವರು ಈಗ ಊರಲ್ಲಿಲ್ಲ.” ಯಾವ ಊರು? “ಹೊರಗಡೆ.” ಅಂಟಿಸಿದ ಮಾಲು ವಾಪಸ್ ಇಲ್ಲ ಎಂದು ಫೋನ್ ಇಟ್ಟರು. ಒಂದೊಂದೇ ಪೆಟ್ಟಿಗೆ ಬಿಚ್ಚಿಸಿದ ಕಾಳಜಿ ಯಾಕೆ ಎಂದು ಆಗ ತಿಳಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮಳೆಗಾಲದಲ್ಲಿ, ಟೈಲ್‌ಗಳ ಸಂದಿಗೆ ತುಂಬಿದ ಗ್ರೌಟ್ ಪಕ್ಕದ ಅಂಚುಗಳು ಏಳತೊಡಗಿದವು. ಮಳೆ ಹೋಗಿ, ಛಾವಣಿಯ ಗಾಜಿನಿಂದ ಬಿಸಿಲು ಬೀಳತೊಡಗಿದ ಮೇಲೆ ಹಸಿರುನೀಲಿ ಮಾಸಿ ಪಾಚಿ ಕಟ್ಟಿದ ಕೆರೆಯ ಬಣ್ಣವಾಯಿತು. ಮಗಳು ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ಹಚ್ಚಿ ಒಂದು ಮೂಲೆಯಲ್ಲಿ ಉಜ್ಜಿದಳು. ಹತ್ತಿ ನೀಲಿ! ಗೂಡಿನಲ್ಲಿ ಸುಟ್ಟ ಮೆರುಗಿಗೆ ಅದರಿಂದ ಏನೂ ಆಗುವುದಿಲ್ಲ. ಮಳಿಗೆಯವರು ಹೇಳಿದ್ದು: “ನೀವು ಆಸಿಡ್ ಹಾಕಿ ತೊಳೆದಿರುತ್ತೀರಿ.” ಹಾಕಿಲ್ಲ ಎಂದರೆ, “ಕೊಡಗಿನ ಮಳೆಗೆ ಯಾವುದು ತಾನೇ ನಿಲ್ಲುತ್ತದೆ ಮೇಡಂ?” ಬಚ್ಚಲಿನ ಒಳಗೆ ಮಳೆ ಸುರಿಯುತ್ತದೆಯೇ?

ನಮಗೆ ಕೊಟ್ಟದ್ದು ಏನೆಂದರೆ, ಪ್ಲಾಸ್ಟಿಕ್ ಜಾತಿಯ ಪದರ ಬಳಿದ ಸಾದಾ ಬಿಳಿ ಟೈಲ್. ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಅದರ ಮೇಲೆ ಒತ್ತುತ್ತಾರೆ, ಬಣ್ಣ ಆ ಪದರಕ್ಕೆ ಇಳಿಯುತ್ತದೆ. ಕಾಫಿ ಮಗ್ ಮೇಲೆ ಫೋಟೊ ಹಾಕಿಕೊಡುತ್ತಾರಲ್ಲ, ಅದೇ ವಿದ್ಯೆ. ಬಿಸಿಲು ಬೀಳದ ಗೋಡೆಗೆ ನೇತುಹಾಕಲು ಅದು ಸಾಕು, ಬೆಲೆಯೂ ಕಡಿಮೆ. ಕಾರ್ಖಾನೆಯಲ್ಲಿ ಸೆರಾಮಿಕ್ ಬಣ್ಣದಿಂದ ಯಂತ್ರ ಮುದ್ರಿಸಿ, ಗೂಡಿನಲ್ಲಿ ಸುಟ್ಟ ಟೈಲ್‌ಗಳೂ ಇವೆ, ಅವು ಬಾಳಿಕೆಗೆ ಗಟ್ಟಿ. ಅದನ್ನೇ ಹೇಳಿ ಕೊಟ್ಟಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ಮಗ್ಗಿನ ಕೆಲಸಕ್ಕೆ ಕುಂಚದ ಬೆಲೆ ತೆಗೆದುಕೊಂಡರಲ್ಲ, ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೆ.

ವಕೀಲರ ನೋಟಿಸಿಗೆ ಬಂದ ಉತ್ತರ ಇನ್ನೂ ಚೆನ್ನಾಗಿದೆ: ನೀವು ಹೋಂಸ್ಟೇ ನಡೆಸುವವರು, ವ್ಯಾಪಾರಕ್ಕೆ ಕೊಂಡವರು ಗ್ರಾಹಕರೇ ಅಲ್ಲ! ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ನಡೆಸುವ ಕೆಲಸಕ್ಕೆ ಕೊಂಡವರೂ ಗ್ರಾಹಕರೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಹಾಸಿಗೆ ಕೊಡವುವುದರಿಂದ ಹಿಡಿದು ಕಡುಬು ಬೇಯಿಸುವವರೆಗೆ ನಾವಿಬ್ಬರೇ ಮಾಡುತ್ತೇವೆ. ಮಳಿಗೆ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಹಾಗಾಗಿ ಮಡಿಕೇರಿಯಲ್ಲಿ ಕೊಟ್ಟಿದ್ದೇವೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬಿಲ್ಲಿನಲ್ಲಿ ‘ಕೈಯಿಂದ ಬರೆದದ್ದು, ಗೂಡಿನಲ್ಲಿ ಸುಟ್ಟದ್ದು’ ಎಂದು ಬರೆಸಿಕೊಳ್ಳಿ. ಬರೆಯಲು ತಡವರಿಸಿದರೆ ಎದ್ದು ಬನ್ನಿ. ಬಾಕಿ ಹಣ ಕೊಡುವ ಮೊದಲು ಎಲ್ಲ ಪೆಟ್ಟಿಗೆ ಬಿಚ್ಚಿಸಿ ಜಗಲಿಯ ಮೇಲೆ ಪೂರ್ತಿ ಚಿತ್ರ ಜೋಡಿಸಿ ನೋಡಿ, ಒಡೆಯುತ್ತದೆ ಎಂದರೆ ಒಡೆಯಲಿ. ಹತ್ತಿಯ ಪರೀಕ್ಷೆಯನ್ನು ಅವರ ಮುಂದೆಯೇ ಮಾಡಿ. ಸ್ಯಾಂಪಲ್ ಟೈಲ್‌ಗೆ ಅಲ್ಲ, ನಿಮಗೆ ಬಂದ ಟೈಲ್‌ಗೆ. ನಮಗೆ ತೋರಿಸಿದ ಸ್ಯಾಂಪಲ್‌ನ ಕೆಳಮೂಲೆಯಲ್ಲಿ ಕಾಲುಗುಂಜಿಯಷ್ಟು ಚಕ್ಕೆ ಹಾರಿತ್ತು. ಕಳೆದ ತಿಂಗಳು ಗೋಣಿಕೊಪ್ಪದ ನಮ್ಮ ಪರಿಚಯದವರೊಬ್ಬರಿಗೂ ಅದೇ ಚಕ್ಕೆ ಹಾರಿದ ಟೈಲ್ ತೋರಿಸಿ ಮುಂಗಡ ಕೇಳಿದ್ದಾರೆ.